ಲಿವರ್‌ನ ಕೊಬ್ಬು, ರಕ್ತದ ಸಕ್ಕರೆ: ಒಂದೇ ಮನೆಯ ಎರಡು ಕಷ್ಟ

(ನಿಟ್ಟೂರಿನಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಆರೋಗ್ಯ ಮಾಹಿತಿಯ ಬರಹ ರೂಪ)



ಮನೆ, ಕೊಟ್ಟಿಗೆ, ತೋಟದ ಕೆಲಸ ಎಲ್ಲ ಬದಿಗಿಟ್ಟು ಬಂದಿದ್ದೀರಿ. ಮಧ್ಯಾಹ್ನದ ಬಸ್ಸು ತಪ್ಪಿದರೆ ಮತ್ತೆ ಎಷ್ಟು ಹೊತ್ತು ಕಾಯಬೇಕು ಅನ್ನೋದು ನನಗೂ ಗೊತ್ತು. ಹಾಗಾಗಿ ಸುತ್ತಿ ಬಳಸಿ ಮಾತಾಡದೆ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮೊದಲು ಒಬ್ಬ ಅಕ್ಕನ ಕಥೆ ಹೇಳುತ್ತೇನೆ. ಹೆಸರು ಬೇಡ, ಊರೂ ಬೇಡ. ನಮ್ಮ ಹಾಗೇ ಸಂಘದಲ್ಲಿ ಇರುವವರು, ವಯಸ್ಸು ನಲವತ್ತೈದರ ಹತ್ತಿರ. ಹೊಟ್ಟೆನೋವು ಅಂತ ಪೇಟೆಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಿದರು. ಹೊಟ್ಟೆನೋವಿಗೆ ಕಾರಣ ಗ್ಯಾಸ್ಟ್ರಿಕ್ ಅಂತ ಆಯಿತು, ಮಾತ್ರೆಯಲ್ಲಿ ಗುಣವೂ ಆಯಿತು. ಆದರೆ ಸ್ಕ್ಯಾನಿಂಗ್ ರಿಪೋರ್ಟಿನ ಕೊನೆಯಲ್ಲಿ ‘ಫ್ಯಾಟಿ ಲಿವರ್, ಗ್ರೇಡ್ 1’ ಅಂತ ಬರೆದಿತ್ತು. “ಇದು ತುಂಬಾ ಜನಕ್ಕೆ ಇರುತ್ತೆ, ಎಣ್ಣೆ ಕಡಿಮೆ ಮಾಡಿ” ಅಂತ ಹೇಳಿ ಕಳಿಸಿದರು.

ಮನೆಗೆ ಬಂದ ಮೇಲೆ ಯಾರೋ ಒಬ್ಬರು ರಿಪೋರ್ಟು ಓದಿ, “ಲಿವರ್ ಕಾಯಿಲೆ ಅಂದ್ರೆ ಕುಡಿಯೋರಿಗೆ ಬರೋದಲ್ವಾ?” ಅಂದುಬಿಟ್ಟರು. ಅಷ್ಟೇ ಸಾಕಾಯಿತು. ಆ ಅಕ್ಕನಿಗೆ ನಾಚಿಕೆ. ರಿಪೋರ್ಟನ್ನು ಬೀರುವಿನಲ್ಲಿ ಸೀರೆಗಳ ಅಡಿಗೆ ಇಟ್ಟರು. ಮತ್ತೆ ಯಾರಿಗೂ ತೋರಿಸಲಿಲ್ಲ.

ಎರಡು ವರ್ಷ ಆದ ಮೇಲೆ ಕಾಲಿಗೆ ಆದ ಒಂದು ಸಣ್ಣ ಗಾಯ ತಿಂಗಳಾದರೂ ಒಣಗಲಿಲ್ಲ. ರಕ್ತ ಪರೀಕ್ಷೆ ಮಾಡಿದರೆ ಶುಗರ್ ಮುನ್ನೂರು ದಾಟಿತ್ತು. “ನಮ್ಮ ತವರಲ್ಲೂ ಇಲ್ಲ, ಈ ಮನೆಯಲ್ಲೂ ಇಲ್ಲ, ನಂಗೆ ಎಂತಕ್ಕೆ ಬಂತು ಈ ಸಕ್ಕರೆ ಕಾಯಿಲೆ?” ಅಂತ ಕೇಳಿ ಅತ್ತರು.

ಅವರ ಪ್ರಶ್ನೆಗೆ ಉತ್ತರ ಎರಡು ವರ್ಷದಿಂದ ಅವರ ಬೀರುವಿನಲ್ಲೇ ಇತ್ತು. ಅದನ್ನು ಓದಿ ಹೇಳುವವರು ಇರಲಿಲ್ಲ. ಇವತ್ತು ಆ ಕೆಲಸವನ್ನು ನಾವು ಮಾಡೋಣ.

ಲಿವರ್ ಅಂದರೆ ಏನು?

ಪುಸ್ತಕದಲ್ಲಿ ಯಕೃತ್ತು, ಪಿತ್ತಜನಕಾಂಗ ಅಂತ ಬರೆಯುತ್ತಾರೆ. ಕೋಳಿ ಸಾರು ಮಾಡುವಾಗ ‘ಈಲಿ’ ಅಂತ ಬೇರೆ ತೆಗೆದಿಡುತ್ತೇವಲ್ಲ, ಅದೇ. ನಮ್ಮ ಹೊಟ್ಟೆಯ ಬಲಭಾಗದಲ್ಲಿ ಪಕ್ಕೆಲುಬಿನ ಅಡಿಯಲ್ಲಿ ಇದೆ. ದೊಡ್ಡವರಲ್ಲಿ ಸುಮಾರು ಒಂದೂವರೆ ಕಿಲೋ ತೂಗುತ್ತದೆ.

ಲಿವರ್ ಮಾಡುವ ಕೆಲಸ ನೂರಾರು. ಅದರಲ್ಲಿ ಇವತ್ತಿಗೆ ನಮಗೆ ಬೇಕಾದದ್ದು ಒಂದೇ: ಅದು ಸಕ್ಕರೆಯ ಕಣಜ. ನಾವು ತಿಂದ ಅನ್ನ, ರೊಟ್ಟಿ, ಕಡುಬು, ಬೆಲ್ಲ ಎಲ್ಲವೂ ಹೊಟ್ಟೆಯಲ್ಲಿ ಕರಗಿ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಆಗಿನ ಖರ್ಚಿಗೆ ಬೇಕಾದ್ದು ಬಿಟ್ಟು ಉಳಿದದ್ದರಲ್ಲಿ ಒಂದು ಪಾಲನ್ನು ಲಿವರ್ ಒಳಗೆ ತೆಗೆದಿಡುತ್ತದೆ. ರಾತ್ರಿ ನಾವು ಮಲಗಿದಾಗ, ಉಪವಾಸ ಇದ್ದಾಗ, ಸ್ವಲ್ಪ ಸ್ವಲ್ಪವೇ ಹೊರಗೆ ಬಿಡುತ್ತದೆ. ನಿದ್ದೆಯಲ್ಲೂ ಮಿದುಳಿಗೆ ಶಕ್ತಿ ಸಿಗುವುದು ಹೀಗೆ.

ಸಂಘದ ಪೆಟ್ಟಿಗೆಯ ಲೆಕ್ಕ

ಇದನ್ನು ನಮ್ಮ ಸಂಘದ ಪೆಟ್ಟಿಗೆಯ ಹಾಗೆ ಯೋಚನೆ ಮಾಡಿ. ಲಿವರ್ ಅಂದರೆ ಪೆಟ್ಟಿಗೆ ಇಟ್ಟುಕೊಂಡಿರುವ ಸದಸ್ಯೆ. ಹೊಟ್ಟೆಯ ಹಿಂದೆ ಮೇದೋಜೀರಕ ಗ್ರಂಥಿ ಅಂತ ಇನ್ನೊಂದು ಅಂಗ ಇದೆ. ಅದು ಇನ್ಸುಲಿನ್ ಎಂಬ ಚೀಟಿ ಬರೆದು ಕಳಿಸುತ್ತದೆ. ಊಟ ಆದ ತಕ್ಷಣ ಚೀಟಿ ಬರುತ್ತದೆ: “ಈಗ ಹೊರಗೆ ಸಾಕಷ್ಟು ಸಕ್ಕರೆ ಇದೆ. ಪೆಟ್ಟಿಗೆ ಮುಚ್ಚು, ಬಂದದ್ದನ್ನು ಒಳಗೆ ಜಮಾ ಮಾಡು.” ಲಿವರ್ ಚೀಟಿ ಓದಿ ಹಾಗೇ ಮಾಡುತ್ತದೆ. ರಕ್ತದ ಸಕ್ಕರೆ ಹದದಲ್ಲಿರುತ್ತದೆ.

ಆದರೆ ಪೆಟ್ಟಿಗೆಗೂ ಒಂದು ಮಿತಿ ಇದೆ. ಲಿವರ್‌ನಲ್ಲಿ ಸಕ್ಕರೆಯ ರೂಪದಲ್ಲಿ ಇಡಲು ಆಗುವುದು ಸುಮಾರು ನೂರು ಗ್ರಾಂ ಮಾತ್ರ. ದಿನಾ ಖರ್ಚಿಗಿಂತ ಜಾಸ್ತಿ ಬರುತ್ತಾ ಇದ್ದರೆ ಲಿವರ್ ಅದನ್ನು ಕೊಬ್ಬಾಗಿ ಮಾಡುತ್ತದೆ. ಆ ಕೊಬ್ಬಿನಲ್ಲಿ ಸ್ವಲ್ಪ ಹೊಟ್ಟೆಯ ಸುತ್ತ ಹೋಗಿ ಕೂರುತ್ತದೆ, ಸ್ವಲ್ಪ ಲಿವರ್‌ನ ಒಳಗೇ ಉಳಿಯುತ್ತದೆ. ಲಿವರ್‌ನ ನೂರು ಭಾಗದಲ್ಲಿ ಐದು ಭಾಗಕ್ಕಿಂತ ಹೆಚ್ಚು ಕೊಬ್ಬು ಸೇರಿದರೆ ಅದನ್ನೇ ಫ್ಯಾಟಿ ಲಿವರ್ ಅನ್ನುತ್ತಾರೆ.

ಈಗ ಮುಖ್ಯವಾದ ಮಾತು. ಕೊಬ್ಬು ತುಂಬಿದ ಲಿವರ್‌ಗೆ ಇನ್ಸುಲಿನ್‌ನ ಮಾತು ಸರಿಯಾಗಿ ಕೇಳಿಸುವುದಿಲ್ಲ. ಪೆಟ್ಟಿಗೆ ಮುಚ್ಚು ಅಂದರೂ ಮುಚ್ಚುವುದಿಲ್ಲ. ಹೊರಗೆ ಬೇಕಾದಷ್ಟು ಇದ್ದರೂ ಒಳಗಿನಿಂದ ಸಕ್ಕರೆ ಬಿಡುತ್ತಲೇ ಇರುತ್ತದೆ. ಒಂದು ಚೀಟಿಗೆ ಕೇಳದಿದ್ದಾಗ ಮೇದೋಜೀರಕ ಗ್ರಂಥಿ ಎರಡು ಚೀಟಿ ಬರೆಯುತ್ತದೆ, ನಾಲ್ಕು ಬರೆಯುತ್ತದೆ, ಹತ್ತು ಬರೆಯುತ್ತದೆ. ಆ ದಿನಗಳಲ್ಲಿ ರಕ್ತ ಪರೀಕ್ಷೆ ಮಾಡಿದರೆ ಶುಗರ್ ಸರಿಯಾಗೇ ಕಾಣಬಹುದು. ಒಳಗೆ ಮಾತ್ರ ಎಳೆದಾಟ ನಡೆದಿರುತ್ತದೆ. ವರ್ಷಗಟ್ಟಲೆ ಹೀಗೆ ಬರೆದು ಬರೆದು ಆ ಗ್ರಂಥಿಯ ಕೈ ಸೋಲುತ್ತದೆ. ಅವತ್ತು ರಕ್ತದಲ್ಲಿ ಸಕ್ಕರೆ ಏರುತ್ತದೆ. ಅವತ್ತು ನಮಗೆ ‘ಶುಗರ್ ಬಂತು’ ಅಂತ ಗೊತ್ತಾಗುತ್ತದೆ. ಬರುವುದಕ್ಕೆ ಶುರುವಾದದ್ದು ಎಷ್ಟೋ ವರ್ಷದ ಹಿಂದೆ.

ಅಲ್ಲಿಗೂ ಮುಗಿಯಲಿಲ್ಲ. ರಕ್ತದಲ್ಲಿ ಹೆಚ್ಚಾದ ಸಕ್ಕರೆಯಿಂದ ಲಿವರ್‌ನಲ್ಲಿ ಮತ್ತೆ ಕೊಬ್ಬು ಬೆಳೆಯುತ್ತದೆ. ಕೊಬ್ಬು ಸಕ್ಕರೆಯನ್ನು ಏರಿಸುತ್ತದೆ, ಸಕ್ಕರೆ ಕೊಬ್ಬನ್ನು ಬೆಳೆಸುತ್ತದೆ. ಬಡ್ಡಿ ಕಟ್ಟಲು ಮತ್ತೊಂದು ಸಾಲ ಮಾಡಿದ ಹಾಗೆ. ಆ ಸುಳಿ ಎಂಥದ್ದು ಅಂತ ನಮ್ಮ ಸಂಘದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಫ್ಯಾಟಿ ಲಿವರ್ ಇರುವವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಇಲ್ಲದವರಿಗಿಂತ ಸುಮಾರು ಎರಡು ಪಟ್ಟು ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ಹೇಳುತ್ತವೆ. ಈಗಾಗಲೇ ಸಕ್ಕರೆ ಕಾಯಿಲೆ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಲಿವರ್‌ನಲ್ಲಿ ಕೊಬ್ಬು ಇರುತ್ತದೆ.

ಊಟ ಬಿಟ್ಟರೂ ಬೆಳಿಗ್ಗೆ ಶುಗರ್ ಜಾಸ್ತಿ ಯಾಕೆ?

“ರಾತ್ರಿ ಏನೂ ತಿಂದಿಲ್ಲ, ಒಂದು ಲೋಟ ಮಜ್ಜಿಗೆ ಕುಡಿದು ಮಲಗಿದ್ದೆ, ಆದ್ರೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಶುಗರ್ 150 ಹೇಗೆ?” ಅಂತ ತುಂಬಾ ಜನ ಕೇಳುತ್ತಾರೆ. ಮಿಷನ್ ಸರಿ ಇಲ್ಲ ಅಂತಲೂ ಜಗಳ ಮಾಡುತ್ತಾರೆ. ಮಿಷನ್ ಸರಿಯಾಗೇ ಇದೆ. ನೀವು ತಿನ್ನದೆ ಇದ್ದರೂ ರಾತ್ರಿಯಿಡೀ ನಿಮ್ಮ ಲಿವರ್ ಪೆಟ್ಟಿಗೆ ತೆರೆದು ಸಕ್ಕರೆ ಬಿಟ್ಟಿದೆ. ಖಾಲಿ ಹೊಟ್ಟೆಯ ಸಕ್ಕರೆ ಏರುವುದರಲ್ಲಿ ಲಿವರ್‌ನ ಪಾಲು ದೊಡ್ಡದು. ಆದ್ದರಿಂದ ರಾತ್ರಿ ಊಟ ಬಿಟ್ಟು ನರಳುವುದು ಇದಕ್ಕೆ ಪರಿಹಾರವಲ್ಲ. ಲಿವರ್‌ನ ಕೊಬ್ಬು ಇಳಿಯಬೇಕು.

ಕುಡಿಯದವರಿಗೂ ಬರುತ್ತದೆಯೇ?

ಬರುತ್ತದೆ. ಕುಡಿತದಿಂದಲೂ ಲಿವರ್‌ನಲ್ಲಿ ಕೊಬ್ಬು ಸೇರುತ್ತದೆ, ಅದು ನಿಜ. ಆದರೆ ಇಡೀ ಜೀವನದಲ್ಲಿ ಒಂದು ಹನಿ ಮುಟ್ಟದವರಿಗೂ ಬರುತ್ತದೆ. ಇದನ್ನು ಮೊದಮೊದಲು ಡಾಕ್ಟರುಗಳೇ ನಂಬುತ್ತಿರಲಿಲ್ಲ. 1980ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಡಾ. ಲುಡ್ವಿಗ್ ಮತ್ತು ಸಂಗಡಿಗರು 20 ಜನ ರೋಗಿಗಳ ಬಗ್ಗೆ ಬರೆದರು. ಅವರ ಲಿವರ್ ನೋಡಿದರೆ ಕುಡುಕರ ಲಿವರ್ ಹಾಗೇ ಇತ್ತು, ಆದರೆ ಅವರು ಕುಡಿಯುವವರಲ್ಲ. ಅವರಲ್ಲಿ ಹೆಚ್ಚಿನವರು ಹೆಂಗಸರು. ಹಲವರಿಗೆ ಬೊಜ್ಜಿತ್ತು, ಸಕ್ಕರೆ ಕಾಯಿಲೆ ಇತ್ತು. ಅಲ್ಲಿಂದ ಈ ಕಾಯಿಲೆಗೆ ಒಂದು ಹೆಸರು ಸಿಕ್ಕಿತು.

‘ಕುಡಿತದಿಂದಲ್ಲದ ಫ್ಯಾಟಿ ಲಿವರ್’ ಎಂಬ ಹೆಸರು ತುಂಬಾ ವರ್ಷ ಚಾಲ್ತಿಯಲ್ಲಿತ್ತು. 2023ರಲ್ಲಿ ಹಲವು ದೇಶಗಳ ಲಿವರ್ ತಜ್ಞರು ಸೇರಿ ಆ ಹೆಸರನ್ನೇ ಬದಲಿಸಿದರು. ಕುಡಿತದ ಮಾತನ್ನು ತೆಗೆದರು. ಸಕ್ಕರೆ, ತೂಕ, ರಕ್ತದೊತ್ತಡದಂತಹ ದೇಹದ ಏರುಪೇರಿನಿಂದ ಬರುವ ಲಿವರ್ ಕಾಯಿಲೆ ಎಂಬ ಅರ್ಥದ ಹೆಸರನ್ನು ಇಟ್ಟರು. ಹಳೆಯ ಹೆಸರಿನಿಂದ ರೋಗಿಗಳಿಗೆ ಅವಮಾನ ಆಗುತ್ತದೆ ಎಂಬುದೂ ಅದಕ್ಕೆ ಒಂದು ಕಾರಣ. ಆ ಅಕ್ಕ ಪಟ್ಟ ನಾಚಿಕೆ ಅವರೊಬ್ಬರದೇ ಅಲ್ಲ, ನೋಡಿ.

ಮನೆಯ ಗಂಡಸರಿಗೂ ಈ ಮಾತು ಹೇಳಿ. ಸಕ್ಕರೆ ಕಾಯಿಲೆಯೂ ಇದ್ದು ಕುಡಿತವೂ ಇದ್ದರೆ ಲಿವರ್‌ಗೆ ಎರಡೂ ಕಡೆಯಿಂದ ಪೆಟ್ಟು.

ತೆಳ್ಳಗಿದ್ದೇವೆ, ದುಡಿಯುತ್ತೇವೆ, ನಮಗೆಂತ ಆಗ್ತದೆ?

ಇದು ನಮ್ಮ ಕಡೆಯ ಹೆಂಗಸರ ಧೈರ್ಯದ ಮಾತು. ಆದರೆ ಪಶ್ಚಿಮ ಬಂಗಾಳದ ಹಳ್ಳಿ ಜನರಲ್ಲಿ ನಡೆಸಿ 2010ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ನೂರಕ್ಕೆ ಎಂಟೊಂಬತ್ತು ಜನರಿಗೆ ಫ್ಯಾಟಿ ಲಿವರ್ ಇತ್ತು. ಅವರಲ್ಲಿ ನಾಲ್ಕರಲ್ಲಿ ಮೂರು ಜನ ದಪ್ಪ ಇರಲಿಲ್ಲ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ, ಇಂಥ ಮೈಕಟ್ಟು ನಮ್ಮ ದೇಶದಲ್ಲಿ ಸಾಮಾನ್ಯ. ಆ ಹೊಟ್ಟೆಯೇ ಅಪಾಯದ ಜಾಗ. ಭಾರತದ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ 2022ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ದೊಡ್ಡವರಲ್ಲಿ ನೂರಕ್ಕೆ ಸುಮಾರು 38 ಜನರಿಗೆ ಫ್ಯಾಟಿ ಲಿವರ್ ಕಂಡುಬಂದಿದೆ. ಐ.ಸಿ.ಎಂ.ಆರ್. ಸಂಸ್ಥೆಯ ದೊಡ್ಡ ಸಮೀಕ್ಷೆ 2023ರಲ್ಲಿ ಹೇಳಿದ ಪ್ರಕಾರ ದೇಶದಲ್ಲಿ 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ.

ಇನ್ನು ದುಡಿಮೆಯ ಮಾತು. ನಮ್ಮ ಅಜ್ಜಿಯರು ಭತ್ತ ಕುಟ್ಟುತ್ತಿದ್ದರು, ಬಾವಿಯಿಂದ ನೀರು ಸೇದುತ್ತಿದ್ದರು, ಸೊಪ್ಪಿನ ಹೊರೆ ಹೊತ್ತು ಗುಡ್ಡ ಹತ್ತುತ್ತಿದ್ದರು. ನಮ್ಮದು ದಿನವಿಡೀ ಕೆಲಸವೇ, ಆದರೆ ಕೂತು ಮಾಡುವ ಕೆಲಸ ಹೆಚ್ಚಾಗಿದೆ. ಅಡಿಕೆ ಸುಲಿಯುವ ಕಾಲ ನೆನಪು ಮಾಡಿಕೊಳ್ಳಿ. ಬೆಳಿಗ್ಗೆ ಮೆಟ್ಟುಗತ್ತಿ ಮುಂದೆ ಕೂತರೆ ರಾತ್ರಿ ಹತ್ತಾದರೂ ಏಳುವುದಿಲ್ಲ. ಕೈಗೆ ಕೆಲಸ, ಸೊಂಟಕ್ಕೆ ನೋವು, ಕಾಲಿಗೆ ನಡಿಗೆಯೇ ಇಲ್ಲ. ನಡುನಡುವೆ ನಿದ್ದೆ ಬಾರದಿರಲಿ ಅಂತ ಸಿಹಿ ಚಹಾ. ದಣಿವಾಗುತ್ತದೆ, ಆದರೆ ಒಳಗಿನ ಸಕ್ಕರೆ ಖರ್ಚಾಗುವುದಿಲ್ಲ. ದಣಿವು ಬೇರೆ, ದೇಹಕ್ಕೆ ಬೇಕಾದ ಓಡಾಟ ಬೇರೆ.

ನೋವಿಲ್ಲದ ಕಾಯಿಲೆ

ಲಿವರ್ ಮೂಕ ಪ್ರಾಣಿ ಇದ್ದ ಹಾಗೆ. ಕೊಬ್ಬು ಸೇರಿದರೆ ನೋವಿಲ್ಲ, ಜ್ವರ ಇಲ್ಲ. ಕೆಲವರಿಗೆ ಸುಸ್ತು, ಬಲ ಪಕ್ಕೆಯಲ್ಲಿ ಭಾರ ಅನ್ನಿಸಬಹುದು, ಅಷ್ಟೆ. ಎಲ್ಲರಿಗೂ ಇದು ಮುಂದುವರಿಯುವುದಿಲ್ಲ. ಆದರೆ ಕೆಲವರಲ್ಲಿ ಕೊಬ್ಬಿನಿಂದ ಒಳಗೆ ಉರಿಯೂತ, ಆಮೇಲೆ ಗಾಯದ ಕಲೆಯ ಹಾಗೆ ಗಟ್ಟಿಯಾಗುವುದು, ಕೊನೆಗೆ ಲಿವರ್ ಕುಗ್ಗಿ ಹೋಗುವ ಸಿರೋಸಿಸ್. ಸಕ್ಕರೆ ಕಾಯಿಲೆ ಜೊತೆಗಿದ್ದವರಲ್ಲಿ ಈ ದಾರಿ ಬೇಗ ಸವೆಯುತ್ತದೆ. ಮೊದಲ ಹಂತದಿಂದ ಹಿಂದಕ್ಕೆ ಬರಬಹುದು. ಕೊನೆಯ ಹಂತದಿಂದ ಬರುವುದು ಬಹಳ ಕಷ್ಟ. ಅದಕ್ಕೇ ‘ಗ್ರೇಡ್ 1’ ಅಂತ ಬರೆದ ರಿಪೋರ್ಟನ್ನು ಸೀರೆ ಅಡಿಗೆ ಇಡಬೇಡಿ ಅನ್ನುವುದು.

ಯಾರು, ಏನು ಪರೀಕ್ಷೆ ಮಾಡಿಸಬೇಕು?

ಮೊದಲ ಪರೀಕ್ಷೆಗೆ ದುಡ್ಡೇ ಬೇಡ. ಹೊಲಿಗೆ ಮಾಡುವ ಸದಸ್ಯೆಯ ಟೇಪು ಸಾಕು. ಹೊಟ್ಟೆಯ ಸುತ್ತಳತೆ ಹೆಂಗಸರಲ್ಲಿ 80 ಸೆಂಟಿಮೀಟರ್, ಅಂದರೆ ಸುಮಾರು ಮೂವತ್ತೊಂದೂವರೆ ಇಂಚು ದಾಟಬಾರದು. ಗಂಡಸರಲ್ಲಿ 90 ಸೆಂಟಿಮೀಟರ್. ಆಶಾ ಕಾರ್ಯಕರ್ತೆ ಮನೆಗೆ ಬಂದು ಫಾರಂ ತುಂಬುವಾಗ ಮೂವತ್ತು ವರ್ಷ ದಾಟಿದವರ ಸುತ್ತಳತೆ ಕೇಳುವುದು ಇದೇ ಕಾರಣಕ್ಕೆ. “ನಂದು ಎಂತಕ್ಕೆ ಅಳೀತಿ ಮಾರಾಯ್ತಿ” ಅಂತ ನಗಬೇಡಿ, ಅಳತೆ ಕೊಡಿ.

ಎರಡನೆಯದು ಖಾಲಿ ಹೊಟ್ಟೆಯ ರಕ್ತ ಪರೀಕ್ಷೆ. ಈ ಲೆಕ್ಕ ಬರೆದಿಟ್ಟುಕೊಳ್ಳಿ:

• 100ಕ್ಕಿಂತ ಕಡಿಮೆ: ಸರಿ ಇದೆ.
• 100ರಿಂದ 125: ಹೊಸ್ತಿಲಲ್ಲಿ ಇದ್ದೀರಿ. ಹಿಂದಕ್ಕೆ ಬರಲು ಸಮಯ ಇದೆ.
• 126 ಮತ್ತು ಮೇಲೆ: ಇನ್ನೊಮ್ಮೆ ಪರೀಕ್ಷೆ ಮಾಡಿ ಖಚಿತವಾದರೆ ಸಕ್ಕರೆ ಕಾಯಿಲೆ.

ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 5.7ರ ಒಳಗೆ ಇದ್ದರೆ ಸರಿ, 6.5 ಮತ್ತು ಮೇಲೆ ಇದ್ದರೆ ಸಕ್ಕರೆ ಕಾಯಿಲೆ.

ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಅಂತ ಬಂದವರು ಸಕ್ಕರೆ ಪರೀಕ್ಷೆ ಮಾಡಿಸಲೇಬೇಕು. ಸಕ್ಕರೆ ಕಾಯಿಲೆ ಇರುವವರು “ನನ್ನ ಲಿವರ್ ಹೇಗಿದೆ ನೋಡಿ” ಅಂತ ಡಾಕ್ಟರ ಹತ್ತಿರ ಬಾಯಿ ಬಿಟ್ಟು ಕೇಳಬೇಕು. ದೊಡ್ಡ ಖರ್ಚಿನ ಪರೀಕ್ಷೆಯೇ ಬೇಕು ಅಂತಿಲ್ಲ. ನಿಮ್ಮ ವಯಸ್ಸು, ರಕ್ತದ ಎಸ್‌ಜಿಒಟಿ, ಎಸ್‌ಜಿಪಿಟಿ ಮತ್ತು ಪ್ಲೇಟ್‌ಲೆಟ್ ಸಂಖ್ಯೆ, ಈ ನಾಲ್ಕನ್ನು ಇಟ್ಟುಕೊಂಡು ‘ಫಿಬ್-4’ ಎಂಬ ಲೆಕ್ಕ ಹಾಕಿ, ಲಿವರ್ ಗಟ್ಟಿಯಾಗುವ ಅಪಾಯ ಇದೆಯೇ ಅಂತ ಡಾಕ್ಟರು ಅಂದಾಜು ಮಾಡುತ್ತಾರೆ.

ಬಸುರಿಯಲ್ಲಿ ಸಕ್ಕರೆ ಕಾಣಿಸಿಕೊಂಡು ಹೆರಿಗೆ ಆದ ಮೇಲೆ ಹೋಗಿದ್ದವರು, ಅಪ್ಪ ಅಮ್ಮನಿಗೆ ಸಕ್ಕರೆ ಕಾಯಿಲೆ ಇರುವವರು, ಮುಟ್ಟು ನಿಂತ ಮೇಲೆ ಹೊಟ್ಟೆ ಬೆಳೆದವರು ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸಿ. ಕೇಂದ್ರ ಸರ್ಕಾರ 2021ರಲ್ಲೇ ಫ್ಯಾಟಿ ಲಿವರ್ ಅನ್ನು ಸಕ್ಕರೆ ಕಾಯಿಲೆ, ಬಿ.ಪಿ.ಗಳ ರಾಷ್ಟ್ರೀಯ ಕಾರ್ಯಕ್ರಮದ ಒಳಗೆ ಸೇರಿಸಿದೆ. ಹಾಗಾಗಿ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳುವುದಕ್ಕೆ ಹಿಂಜರಿಕೆ ಬೇಡ. ಹೆಚ್ಚಿನ ಪರೀಕ್ಷೆ ಬೇಕಾದರೆ ಹೊಸನಗರದ ತಾಲ್ಲೂಕು ಆಸ್ಪತ್ರೆ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇವೆ.

ಮದ್ದು ನಮ್ಮ ಅಡುಗೆ ಮನೆಯಲ್ಲಿ

ಲಿವರ್‌ನ ಕೊಬ್ಬು ಇಳಿಸಲು ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ತೂಕ ಇಳಿಸುವುದು. ಹೊಸ ಔಷಧಿಗಳೂ ಬರುತ್ತಿವೆ. 2024ರಲ್ಲಿ ಅಮೆರಿಕದಲ್ಲಿ ಇದಕ್ಕಾಗಿಯೇ ಮೊದಲ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಆದರೆ ಅದನ್ನು ಕೊಡುವಾಗಲೂ ಪಥ್ಯ ಮತ್ತು ವ್ಯಾಯಾಮ ಬಿಡುವಂತಿಲ್ಲ ಅಂತಲೇ ಹೇಳುತ್ತಾರೆ.

ಎಷ್ಟು ಇಳಿಯಬೇಕು? 60 ಕಿಲೋ ಇರುವವರು 3 ಕಿಲೋ ಇಳಿದರೆ ಲಿವರ್‌ನ ಕೊಬ್ಬು ಕಡಿಮೆಯಾಗುತ್ತದೆ. 4ರಿಂದ 6 ಕಿಲೋ ಇಳಿದರೆ ಒಳಗಿನ ಉರಿಯೂತವೂ ಇಳಿಯುತ್ತದೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಸಕ್ಕರೆ ಕಾಯಿಲೆಯ 11 ಜನರಿಗೆ ಎಂಟು ವಾರ ಬಹಳ ಕಡಿಮೆ ಆಹಾರ ಕೊಟ್ಟು ನೋಡಿದರು. 2011ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಲಿವರ್‌ನ ಕೊಬ್ಬು ನೂರಕ್ಕೆ ಸುಮಾರು 13ರಿಂದ 3ಕ್ಕೆ ಇಳಿಯಿತು. ಖಾಲಿ ಹೊಟ್ಟೆಯ ಸಕ್ಕರೆ ಒಂದೇ ವಾರದಲ್ಲಿ ಹದಕ್ಕೆ ಬಂತು. ಇದನ್ನು ಕೇಳಿ ನಾಳೆಯಿಂದ ಉಪವಾಸ ಕೂರಬೇಡಿ! ಅದು ಡಾಕ್ಟರುಗಳ ಕಣ್ಣೆದುರಿಗೆ ನಡೆದದ್ದು. ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಊಟ ಬಿಟ್ಟರೆ ಸಕ್ಕರೆ ಒಮ್ಮೆಲೇ ಕುಸಿದು ಪ್ರಾಣಕ್ಕೇ ತೊಂದರೆ. ನಾನು ಹೇಳಬಂದದ್ದು ಇಷ್ಟೆ: ಲಿವರ್ ಕ್ಷಮಿಸುವ ಅಂಗ. ನಾವು ಭಾರ ಇಳಿಸಿದರೆ ಅದು ಬೇಗ ಚೇತರಿಸಿಕೊಳ್ಳುತ್ತದೆ.

ನಮ್ಮ ಮಲೆನಾಡಿನ ಮನೆಯಲ್ಲಿ ಏನು ಮಾಡಬಹುದು?

*ಸಿಹಿ ಚಹಾ, ಕಾಫಿ.* ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ. ಚಮಚಕ್ಕೆ 5 ಗ್ರಾಂ ಅಂದರೆ ದಿನಕ್ಕೆ 50 ಗ್ರಾಂ, ತಿಂಗಳಿಗೆ ಒಂದೂವರೆ ಕಿಲೋ, ವರ್ಷಕ್ಕೆ 18 ಕಿಲೋ. ಒಬ್ಬರ ಹೊಟ್ಟೆಗೆ! ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ದಿನಕ್ಕೆ 25 ಗ್ರಾಂ ಒಳಗೆ ಇದ್ದರೆ ಒಳ್ಳೆಯದು. ಕಾಫಿ ಲಿವರ್‌ಗೆ ಶತ್ರು ಅಲ್ಲ. ಅದರೊಳಗಿನ ಸಿಹಿಯೇ ತೊಂದರೆ. “ನಾವು ಸಕ್ಕರೆ ಹಾಕೂದಿಲ್ಲ, ಬೆಲ್ಲ ಹಾಕೂದು” ಅನ್ನುತ್ತೀರಿ. ಜೋನಿ ಬೆಲ್ಲ ಆಗಲಿ, ಅಚ್ಚು ಬೆಲ್ಲ ಆಗಲಿ, ಜೇನುತುಪ್ಪ ಆಗಲಿ, ಲಿವರ್‌ಗೆ ಹೋಗುವಾಗ ಎಲ್ಲವೂ ಸಕ್ಕರೆಯೇ. ವಾರಕ್ಕೆ ಅರ್ಧ ಚಮಚದಂತೆ ಕಡಿಮೆ ಮಾಡುತ್ತಾ ಬನ್ನಿ, ನಾಲಿಗೆ ಹೊಂದಿಕೊಳ್ಳುತ್ತದೆ.

*ಮೂರು ಹೊತ್ತು ಅಕ್ಕಿ.* ಬೆಳಿಗ್ಗೆ ರೊಟ್ಟಿ ಅಥವಾ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಅನ್ನ. ಅಕ್ಕಿ ಬಿಡಿ ಅಂತ ನಾನು ಹೇಳುವುದಿಲ್ಲ, ಹೇಳಿದರೂ ನೀವು ಬಿಡುವುದಿಲ್ಲ. ತಟ್ಟೆಯ ಲೆಕ್ಕ ಬದಲಿಸಿ. ಅರ್ಧ ತಟ್ಟೆ ಪಲ್ಯ, ಸೊಪ್ಪು, ತರಕಾರಿ. ಕಾಲು ತಟ್ಟೆ ಬೇಳೆ, ಹೆಸರುಕಾಳು, ಹುರುಳಿ, ಮೊಟ್ಟೆ ಅಥವಾ ಮೀನು. ಉಳಿದ ಕಾಲು ತಟ್ಟೆ ಅನ್ನ. ಮೊದಲು ಪಲ್ಯ, ಕಾಳು ತಿಂದು ಆಮೇಲೆ ಅನ್ನಕ್ಕೆ ಕೈ ಹಾಕಿ. ಬಸಳೆ, ಹರಿವೆ, ನುಗ್ಗೆ, ಕೆಸು, ಮಳೆಗಾಲದ ಕಳಲೆ, ಒಂದೆಲಗದ ತಂಬುಳಿ, ನಮ್ಮ ಹಿತ್ತಿಲಲ್ಲಿ ಇಲ್ಲದ್ದು ಏನಿದೆ?

*ಮಿಕ್ಕಿದ ಅನ್ನ.* ಇದು ಹೆಂಗಸರಿಗೆ ಮಾತ್ರ ಹೇಳುವ ಮಾತು. ಎಲ್ಲರಿಗೂ ಬಡಿಸಿ, ಕೊನೆಗೆ ರಾತ್ರಿ ಹತ್ತಕ್ಕೆ ಕೂತು, ‘ಅನ್ನ ಹಾಳಾಗಬಾರದು’ ಅಂತ ಪಾತ್ರೆಯಲ್ಲಿ ಉಳಿದದ್ದನ್ನೆಲ್ಲ ನಾವು ತಿನ್ನುತ್ತೇವೆ. ಪಲ್ಯ ಅಷ್ಟರೊಳಗೆ ಮುಗಿದಿರುತ್ತದೆ, ಬರೀ ಅನ್ನ, ಸಾರು. ತಿಂದ ತಕ್ಷಣ ನಿದ್ದೆ. ನಮ್ಮ ಲಿವರ್‌ನಲ್ಲಿ ಕೂತ ಕೊಬ್ಬಿನಲ್ಲಿ ಈ ರಾತ್ರಿ ಅನ್ನದ ಪಾಲೂ ಇದೆ. ಅಳತೆ ಮಾಡಿ ಅಕ್ಕಿ ಹಾಕಿ. ನಿಮ್ಮ ಪಾಲಿನ ಪಲ್ಯವನ್ನು ಮೊದಲೇ ತೆಗೆದಿಡಿ. ಆದಷ್ಟು ಮನೆಯವರ ಜೊತೆಗೇ ಊಟಕ್ಕೆ ಕೂರಿ. ಇದರಲ್ಲಿ ಸ್ವಾರ್ಥ ಏನೂ ಇಲ್ಲ.

*ಬೇಕರಿ ತಿಂಡಿ, ಬಾಟಲಿ ಪಾನೀಯ, ಕರಿದದ್ದು.* ಹಬ್ಬದ ದಿನ ಹೋಳಿಗೆ ತಿಂದರೆ ಲಿವರ್ ಹಾಳಾಗುವುದಿಲ್ಲ. ಪ್ರತಿ ದಿನವೂ ಹಬ್ಬ ಮಾಡಿದರೆ ಆಗುತ್ತದೆ. ಹಣ್ಣನ್ನು ಹಣ್ಣಾಗಿಯೇ ತಿನ್ನಿ, ಸಕ್ಕರೆ ಹಾಕಿ ಜ್ಯೂಸ್ ಮಾಡಬೇಡಿ.

ನಡಿಗೆ

ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ, ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು, ಅಷ್ಟು ಬಿರುಸಾಗಿ ನಡೆಯಿರಿ. ತೂಕ ಇಳಿಯದಿದ್ದರೂ ನಡಿಗೆಯಿಂದ ಲಿವರ್‌ನ ಕೊಬ್ಬು ಸ್ವಲ್ಪ ಇಳಿಯುತ್ತದೆ. ಊಟವಾದ ಮೇಲೆ ಹತ್ತು ನಿಮಿಷ ಅಂಗಳದಲ್ಲಿ ತಿರುಗಿದರೂ ಸಕ್ಕರೆ ಏರುವುದು ಕಡಿಮೆಯಾಗುತ್ತದೆ. ನಮ್ಮೂರಿನ ಮಳೆಗಾಲದಲ್ಲಿ, ಇಂಬಳದ ನಡುವೆ ಎಲ್ಲಿ ನಡೆಯೋದು ಅಂತ ಕೇಳುತ್ತೀರಿ. ಜಗಲಿಯಲ್ಲೇ ಆ ತುದಿಯಿಂದ ಈ ತುದಿಗೆ ನಡೆಯಿರಿ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ. ಮಂಗನ ಕಾಯಿಲೆಯ ಕಾಲದಲ್ಲಿ ಕಾಡಿನ ದಾರಿ ಬೇಡ, ರಸ್ತೆ ಸಾಕು. ಅಡಿಕೆ ಸುಲಿಯುವಾಗ ಅರ್ಧ ಗಂಟೆಗೊಮ್ಮೆ ಎದ್ದು ಅಂಗಳಕ್ಕೆ ಒಂದು ಸುತ್ತು ಹಾಕಿ ಬನ್ನಿ.

ಸಾಲ ಮಾಡಿ ಟಾನಿಕ್ ಕೊಳ್ಳಬೇಡಿ

‘ಲಿವರ್ ತೊಳೆಯುವ’ ಪುಡಿ, ಟಾನಿಕ್, ಕಷಾಯ ಅಂತ ಮನೆ ಬಾಗಿಲಿಗೆ ಬಂದು ಮಾರುವವರಿದ್ದಾರೆ, ಮೊಬೈಲಿನಲ್ಲೂ ಬರುತ್ತದೆ. ಅದಕ್ಕಾಗಿ ಸಂಘದಿಂದ ಸಾಲ ತೆಗೆದವರೂ ಇದ್ದಾರೆ. ಲಿವರ್ ತೊಳೆಯುವ ವಸ್ತು ಅಲ್ಲ. ಲೇಬಲ್ ಇಲ್ಲದ ನಾಟಿ ಮದ್ದಿನಿಂದ ಲಿವರ್‌ಗೇ ಪೆಟ್ಟಾಗಬಹುದು. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಕಷಾಯವನ್ನು ದಿನಾ ಕುಡಿದ ಕೆಲವರಿಗೆ ಲಿವರ್ ಊದಿಕೊಂಡದ್ದನ್ನು ಮುಂಬೈನ ಡಾಕ್ಟರುಗಳು 2021ರಲ್ಲಿ ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಆ ವರದಿಯನ್ನು ಒಪ್ಪಲಿಲ್ಲ. ಆದರೂ ಲಿವರ್ ತೊಂದರೆ ಇರುವವರು ಯಾವ ಕಷಾಯವನ್ನೂ ಡಾಕ್ಟರಿಗೆ ಹೇಳದೆ ದಿನಾ ಕುಡಿಯಬಾರದು.

ಇನ್ನೊಂದು ತಪ್ಪು ತಿಳುವಳಿಕೆ: “ಶುಗರ್ ಮಾತ್ರೆ ತಿಂದರೆ ಲಿವರ್ ಹಾಳಾಗ್ತದೆ” ಅಂತ ಮಾತ್ರೆ ಬಿಟ್ಟುಬಿಡುವುದು. ಹೆಚ್ಚಾಗಿ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಲಿವರ್ ಹಾಳು ಮಾಡುವುದಿಲ್ಲ. ಬಿಟ್ಟ ಮಾತ್ರೆಯಿಂದ ಏರಿದ ಸಕ್ಕರೆ ಹಾಳು ಮಾಡುತ್ತದೆ. ಸಂಶಯ ಇದ್ದರೆ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ. ಪಕ್ಕದ ಮನೆಯವರ ಮಾತು ಕೇಳಿ ನಿಲ್ಲಿಸಬೇಡಿ.

ನಮ್ಮ ಸಂಘ ಏನು ಮಾಡಬಹುದು?

ಒಬ್ಬರೇ ಉಳಿತಾಯ ಮಾಡಲು ಆಗದಿದ್ದಾಗ ನಾವು ಸಂಘ ಕಟ್ಟಿದೆವು. ವಾರಕ್ಕೆ ಹತ್ತು ರೂಪಾಯಿ ಇಟ್ಟು ಇಟ್ಟು ಇಷ್ಟು ದೂರ ಬಂದಿದ್ದೇವೆ. ಆರೋಗ್ಯವೂ ಹಾಗೇ. ಒಂದೇ ದಿನದಲ್ಲಿ ಆಗುವುದಿಲ್ಲ, ಒಬ್ಬರಿಂದಲೂ ಕಷ್ಟ. ಮೂರು ಕೆಲಸ ಹೇಳುತ್ತೇನೆ, ಒಪ್ಪಿಗೆ ಆದರೆ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ.

1. ಮುಂದಿನ ವಾರದ ಸಭೆಗೆ ಒಂದು ಟೇಪು ತನ್ನಿ. ಎಲ್ಲರ ಸುತ್ತಳತೆ ತೆಗೆದು, ಒಪ್ಪಿದವರದ್ದು ಬರೆದಿಡಿ. ಮೂರು ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ.

2. ಆಶಾ ಕಾರ್ಯಕರ್ತೆಯನ್ನು ಕರೆದು, ಎಲ್ಲ ಸದಸ್ಯೆಯರ ಸಕ್ಕರೆ ಮತ್ತು ಬಿ.ಪಿ. ಪರೀಕ್ಷೆಗೆ ಒಂದು ದಿನ ಗೊತ್ತು ಮಾಡಿ. ಖಾಲಿ ಹೊಟ್ಟೆಯಲ್ಲಿ ಬರಬೇಕು ಅನ್ನುವುದನ್ನು ಮರೆಯಬೇಡಿ.

3. ಸಭೆಯ ಚಹಾ ಸಕ್ಕರೆ ಇಲ್ಲದೆ ಮಾಡಿ. ಬೇಕಾದವರು ಬೇರೆ ಹಾಕಿಕೊಳ್ಳಲಿ. ಬಿಸ್ಕತ್ತಿನ ಬದಲು ಬೇಯಿಸಿದ ಶೇಂಗಾ ಇರಲಿ.

ಇನ್ನೊಂದು ಕೆಲಸ ಇದೆ, ಅದನ್ನು ಪುಸ್ತಕದಲ್ಲಿ ಬರೆಯುವುದು ಬೇಡ. ಇವತ್ತು ಮನೆಗೆ ಹೋದ ಮೇಲೆ ಬೀರು ತೆಗೆದು ನೋಡಿ. ಸೀರೆ ಅಡಿಯಲ್ಲಿ, ಹಳೆ ಪ್ಲಾಸ್ಟಿಕ್ ಕವರಿನಲ್ಲಿ, ಯಾವುದಾದರೂ ಹಳೆಯ ಸ್ಕ್ಯಾನಿಂಗ್ ರಿಪೋರ್ಟು ಇದ್ದರೆ ಹೊರಗೆ ತೆಗೆಯಿರಿ. ಓದಲು ಬಾರದಿದ್ದರೆ ಮಗಳ ಹತ್ತಿರ ಓದಿಸಿ. ಅದರಲ್ಲಿ ‘ಫ್ಯಾಟಿ ಲಿವರ್’ ಅಂತ ಇದ್ದರೆ ಹೆದರಬೇಡಿ, ನಾಚಿಕೆಯನ್ನೂ ಪಡಬೇಡಿ. ಅದು ನಿಮ್ಮ ಮೇಲಿನ ದೂರಲ್ಲ, ನಿಮಗೆ ಮೊದಲೇ ಬಂದ ಎಚ್ಚರಿಕೆ. ರಿಪೋರ್ಟು ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ, “ನನ್ನ ಸಕ್ಕರೆ ನೋಡಿ” ಅಂತ ಕೇಳಿ.

ಆ ಅಕ್ಕ ಈಗ ಮಾತ್ರೆ ತಗೊಳ್ಳುತ್ತಾರೆ, ಸಂಜೆ ಹೊತ್ತು ಮಗಳ ಜೊತೆ ರಸ್ತೆಯಲ್ಲಿ ನಡೆಯುತ್ತಾರೆ. ಗಾಯ ಒಣಗಿದೆ. ಅವರು ನನಗೆ ಹೇಳಿದ ಒಂದು ಮಾತಿನಿಂದಲೇ ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ: “ನಂಗೆ ಯಾರೂ ಹೇಳ್ಲಿಲ್ಲ, ನೀವು ಉಳಿದವರಿಗಾದ್ರೂ ಹೇಳಿ.”

ಹೇಳಿದ್ದೇನೆ. ಇನ್ನು ನೀವು ನಿಮ್ಮ ಅಕ್ಕಪಕ್ಕದವರಿಗೆ ಹೇಳಿ.